ಡಾಂಬರೋ, ಸುಣ್ಣಕಲ್ಲಿನ ಪುಡಿಯೋ? ರೈಲು ನಿಂತ ಮೂರು ಹಾದಿಗಳಲ್ಲಿ ಓಡಾಡಿದ ಮೇಲೆ

ರೈಲು ನಿಂತುಹೋದ ಮಾರ್ಗಗಳನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಟ್ಟಿರುವ ಹಾದಿಗಳು ಅಮೆರಿಕದಲ್ಲಿ ಬಹಳ ಇವೆ. ಅವುಗಳಲ್ಲಿ ಮೂರನ್ನು ನಾನು ಬಳಸಿ ನೋಡಿದ್ದೇನೆ: ವರ್ಜೀನಿಯಾದ ಡಬ್ಲ್ಯು ಆ್ಯಂಡ್ ಓಡಿ (ವಾಷಿಂಗ್ಟನ್ ಆ್ಯಂಡ್ ಓಲ್ಡ್ ಡೊಮಿನಿಯನ್), ಮೇರಿಲ್ಯಾಂಡ್ ಮತ್ತು ಪೆನ್ಸಿಲ್ವೇನಿಯಾಗಳನ್ನು ಹಾಯುವ ಗ್ರೇಟ್ ಅಲೆಘೆನಿ ಪ್ಯಾಸೇಜ್, ನ್ಯೂಯಾರ್ಕಿನ ಹೈಲೈನ್. ಯಾವುದಕ್ಕೆ ಹೋಗಲಿ ಎಂದು ಯಾರಾದರೂ ಕೇಳಿದರೆ, ನಿಮ್ಮ ಜೊತೆ ಯಾರು ಬರುತ್ತಾರೆ ಎಂದೇ ನಾನು ಮೊದಲು ವಿಚಾರಿಸುತ್ತೇನೆ.

ಡಬ್ಲ್ಯು ಆ್ಯಂಡ್ ಓಡಿಗೆ ನನ್ನ ಜೊತೆ ಬಂದದ್ದು ಮಂಡಿನೋವಿನ ಅಮ್ಮ. ಸುಮಾರು 72 ಕಿಲೋಮೀಟರ್ ಉದ್ದಕ್ಕೂ ಡಾಂಬರು. ವಿಯೆನ್ನಾ ಊರಿನ ಹತ್ತಿರ ಅಮ್ಮ ಕೋಲಿಲ್ಲದೆ ಒಂದು ಗಂಟೆ ನಡೆದರು. ಗಾಲಿಕುರ್ಚಿಯವರು, ಆಗತಾನೇ ಸೈಕಲ್ ಕಲಿಯುತ್ತಿದ್ದ ಮಕ್ಕಳು, ಕಚೇರಿಗೆ ಹೊರಟವರು ಎಲ್ಲರೂ ಅದೇ ಹಾದಿಯಲ್ಲಿದ್ದರು. ಮಳೆ ನಿಂತ ಅರ್ಧ ಗಂಟೆಗೆ ನನ್ನ ಸಣ್ಣ ಟೈರಿನ ಸೈಕಲ್ ಏನೂ ಆಗದಂತೆ ಓಡಿತು. ಬೇಸರ ತಂದದ್ದು ರಸ್ತೆ ದಾಟುವ ಜಾಗಗಳು. ಊರೊಳಗೆ ವೇಗ ಹಿಡಿಯುವಷ್ಟರಲ್ಲಿ ಮತ್ತೊಂದು ದಾಟು ಬಂದು ಬ್ರೇಕ್ ಒತ್ತಬೇಕಾಗುತ್ತದೆ. ವಿಯೆನ್ನಾದಿಂದ ಪಶ್ಚಿಮಕ್ಕೆ ಡಾಂಬರಿನ ಪಕ್ಕದಲ್ಲೇ ಕುದುರೆಗಳಿಗಾಗಿ ಒಂದು ಜಲ್ಲಿಹಾದಿಯೂ ಇದೆ. ಓಡುವವರು ಅದನ್ನೇ ಹಿಡಿಯಲಿ, ಕಾಲಿಗೆ ಹಿತ.

ಅಲೆಘೆನಿಗೆ ನಾನು ಎರಡು ಬಾರಿ ಹೋದೆ, ಏಕೆಂದರೆ ಮೊದಲ ಬಾರಿ ಅದೇ ಸಣ್ಣ ಟೈರಿನ ಸೈಕಲ್ ಒಯ್ದು ತಪ್ಪು ಮಾಡಿದ್ದೆ. ಕಂಬರ್ಲೆಂಡ್‌ನಿಂದ ಪಿಟ್ಸ್‌ಬರ್ಗ್‌ವರೆಗಿನ ಈ 241 ಕಿಲೋಮೀಟರಿನ ಬಹುಭಾಗಕ್ಕೆ ಸುಣ್ಣಕಲ್ಲಿನ ನುಣುಪು ಪುಡಿ ಹಾಸಿ ಒತ್ತಿದ್ದಾರೆ. ಒಣಗಿದ್ದಾಗ ಅದು ಗಟ್ಟಿ ನೆಲ. ರಾತ್ರಿಯಿಡೀ ಮಳೆ ಸುರಿದ ಮರುದಿನ ನನ್ನ ಹಿಂದಿನ ಚಕ್ರ ಕಚ್ಚಿಕೊಂಡು ಎಳೆಯತೊಡಗಿತು, ಬಿಳಿ ಕೆಸರು ಚೈನಿಗೆ ಮೆತ್ತಿತು. ಎರಡನೆಯ ಬಾರಿ 40 ಮಿಲಿಮೀಟರ್ ಅಗಲದ ಟೈರು ಹಾಕಿಕೊಂಡು ಹೋದೆ. ಹಾದಿಯ ನಿಜವಾದ ಸುಖ ಆಗ ತಿಳಿಯಿತು.

ಕಂಬರ್ಲೆಂಡ್‌ನಿಂದ ಸುಮಾರು 38 ಕಿಲೋಮೀಟರ್ ಏರುತ್ತಲೇ ಹೋದರೆ 729 ಮೀಟರ್ ಎತ್ತರದ ಜಲವಿಭಾಜಕ ಸಿಗುತ್ತದೆ. ಒಂದು ಕಡೆಯ ಮಳೆ ಅಟ್ಲಾಂಟಿಕ್‌ಗೆ, ಇನ್ನೊಂದು ಕಡೆಯದು ಮೆಕ್ಸಿಕೋ ಕೊಲ್ಲಿಗೆ. ಅಷ್ಟು ಎತ್ತರ ಹತ್ತಿದರೂ ಎಲ್ಲಿಯೂ ಇಳಿದು ತಳ್ಳಲಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ, ಕಡಿದಾದ ಏರನ್ನು ರೈಲು ಹತ್ತಲಾರದು. ಆದ್ದರಿಂದಲೇ ಹಳೆಯ ಎಂಜಿನಿಯರುಗಳು ಬೆಟ್ಟ ಕೊರೆದು, ಕಣಿವೆಗೆ ಸೇತುವೆ ಕಟ್ಟಿ ಏರನ್ನು ನೂರಕ್ಕೆ ಎರಡರೊಳಗೆ ಹಿಡಿದಿಟ್ಟರು. ಕಲ್ಲಿದ್ದಲು ಎಳೆಯಲು ಪಟ್ಟ ಆ ಶ್ರಮ ಈಗ ನಮ್ಮ ಮೊಣಕಾಲನ್ನು ಕಾಯುತ್ತಿದೆ. ಸುಮಾರು ಒಂದು ಕಿಲೋಮೀಟರ್ ಉದ್ದದ ಬಿಗ್ ಸ್ಯಾವೇಜ್ ಸುರಂಗವನ್ನು ಹೊಗುವ ಮುನ್ನ ಹಿಂದಿರುಗಿ ನೋಡಿದರೆ ಬೆಟ್ಟಸಾಲು ಅಲೆಅಲೆಯಾಗಿ ಹರಡಿಕೊಂಡಿರುತ್ತದೆ. ನಾನು ಅಲ್ಲಿ ಬಹಳ ಹೊತ್ತು ಕುಳಿತಿದ್ದೆ. ಚಳಿಗಾಲದಲ್ಲಿ ಸುರಂಗದ ಬಾಗಿಲು ಮುಚ್ಚುತ್ತಾರೆ, ದಿನ ನೋಡಿಕೊಂಡು ಹೊರಡಿ.

ಹೈಲೈನ್ ಬೇರೆಯೇ ಜಾತಿ. ರಸ್ತೆಗಳ ಮೇಲೆ ಎತ್ತರದಲ್ಲಿ 2.3 ಕಿಲೋಮೀಟರ್, ಸೈಕಲ್ಲಿಗೆ ಪ್ರವೇಶವೇ ಇಲ್ಲ. 1934ರಿಂದ 1980ರವರೆಗೆ ಸರಕು ರೈಲು ಓಡಿದ ಕಟ್ಟೆ ಅದು. ಕೆಡವಬೇಕೆಂದಿದ್ದುದನ್ನು 1999ರಲ್ಲಿ ನೆರೆಹೊರೆಯವರು ಸಂಘಟನೆ ಕಟ್ಟಿ ಉಳಿಸಿಕೊಂಡರು, ಮೊದಲ ಭಾಗ 2009ರಲ್ಲಿ ತೆರೆಯಿತು. ಹುಲ್ಲಿನ ನಡುವೆ ಹಳೆಯ ಹಳಿಗಳನ್ನು ಉಳಿಸಿಕೊಂಡಿರುವುದು ನನಗೆ ತುಂಬ ಇಷ್ಟವಾಯಿತು. ಆದರೆ ಮಧ್ಯಾಹ್ನ ಜನರ ನಡುವೆ ಹೆಜ್ಜೆ ಹಾಕಲು ಜಾಗ ಸಿಗಲಿಲ್ಲ, ಬೆಳಿಗ್ಗೆ ಬೇಗ ಹೋದಾಗಲೇ ಅದು ಒಲಿದದ್ದು. ಅದನ್ನು ತೋಟವೆಂದು ನೋಡಬೇಕು.

ದೂರ ಹೋಗಲು ಬೇಕಾದದ್ದು ನಡುವೆ ತುಂಡಾಗದ ಹಾದಿ, ಅದನ್ನು ಉಳಿಸಿಕೊಳ್ಳುವುದೇ ಕಷ್ಟ. ರೈಲು ಕಂಪನಿಗೆ ಹಲವೆಡೆ ಇದ್ದದ್ದು ನೆಲದ ಒಡೆತನವಲ್ಲ, ಹಾದುಹೋಗುವ ಹಕ್ಕು ಮಾತ್ರ. ಮಾರ್ಗವನ್ನು ಕೈಬಿಟ್ಟರೆ ಆ ಹಕ್ಕು ಅಳಿದು, ನೆಲ ತುಂಡುತುಂಡಾಗಿ ಅಕ್ಕಪಕ್ಕದವರಿಗೆ ಸೇರಬಹುದು. ಮುಂದೊಂದು ದಿನ ರೈಲಿಗೆ ಬೇಕಾದೀತೆಂದು ಮಾರ್ಗವನ್ನು ಕಾದಿಟ್ಟು, ಅಲ್ಲಿಯವರೆಗೆ ಹಾದಿಯಾಗಿ ಬಳಸಲು 1983ರ ಕಾನೂನು ಅವಕಾಶ ಕೊಟ್ಟಿತು. 1990ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ಅಲೆಘೆನಿಯ ಮೊದಲ ತುಂಡು 1986ರಲ್ಲಿ ತೆರೆದರೆ ಕೊನೆಯದು ಸೇರಿದ್ದು 2013ರಲ್ಲಿ.

ನನ್ನ ಆಯ್ಕೆ ಅಲೆಘೆನಿಯೇ. ಆದರೆ ಯಾವುದಾದರೂ ಊರು ಹೊಸದಾಗಿ ಹಾದಿ ಮಾಡಲು ಹೊರಟರೆ ನಾನು ಡಾಂಬರಿನ ಪರವೇ ಮಾತನಾಡುತ್ತೇನೆ. ಅಮ್ಮ ನಡೆದದ್ದು ಅದರ ಮೇಲೆ. ಜಾಗವಿದ್ದರೆ ಪಕ್ಕದಲ್ಲಿ ಜಲ್ಲಿಯ ಪಟ್ಟಿಯೂ ಇರಲಿ.

ಅಲೆಘೆನಿಯ ಏರಿಗೆ ಅಂಜುವವರಿಗೆ ಒಂದು ಉಪಾಯವಿದೆ. ಕಂಬರ್ಲೆಂಡ್‌ನಿಂದ ಫ್ರಾಸ್ಟ್‌ಬರ್ಗ್‌ಗೆ ಹಾದಿಯ ಪಕ್ಕದಲ್ಲೇ ಪ್ರವಾಸಿ ರೈಲು ಈಗಲೂ ಓಡುತ್ತದೆ. ಸೈಕಲ್ಲನ್ನು ಅದರಲ್ಲಿ ಹಾಕಿಕೊಂಡು ಮೇಲೆ ಹೋಗಿ, ಸುಮಾರು 24 ಕಿಲೋಮೀಟರ್ ಇಳಿಜಾರಿನಲ್ಲಿ ಆರಾಮವಾಗಿ ಕೆಳಗೆ ಬನ್ನಿ.