ಜ್ವರ ಬಿಟ್ಟ ಮೇಲಿನ ಎರಡು ದಿನ: ಒಂದು ಡೆಂಗಿ ವಾರ್ಡಿನ ಸೇವೆ

ನನ್ನ ತಂಗಿ ಡೆಂಗಿ ಜ್ವರಕ್ಕೆ ಐದು ದಿನ ಒಳರೋಗಿಯಾಗಿದ್ದ ವಾರ್ಡಿನ ಸೇವೆಯನ್ನು ಕುರಿತು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ನಾನು ಗಮನಿಸಿದ ಸಂಗತಿಗಳನ್ನು ಯಾವ ವಾರ್ಡಿನಲ್ಲಾದರೂ ನೋಡಬಹುದು, ಕೇಳಬಹುದು.

ಸೇರಿಸಿದ ಮರುದಿನ, ಅಂದರೆ ಕಾಯಿಲೆಯ ಐದನೆಯ ದಿನ, ಬೆಳಿಗ್ಗೆ ಅವಳ ಜ್ವರ ಬಿಟ್ಟಿತು. ಮನೆಗೆ ಕರೆದುಕೊಂಡು ಹೋಗಲೇ ಎಂದು ನಾವು ಕೇಳಿದಾಗ ವೈದ್ಯೆ ಒಪ್ಪಲಿಲ್ಲ. ಅಪಾಯದ ಅವಧಿ ಆರಂಭವಾಗುವುದೇ ಈಗ, ಮುಂದಿನ 24ರಿಂದ 48 ಗಂಟೆ ಕಣ್ಣಿಟ್ಟು ಕಾಯಬೇಕು ಎಂದರು. ಈ ವಾರ್ಡನ್ನು ನಾನು ಮೆಚ್ಚಲು ಆ ಒಂದು ನಿರ್ಧಾರವೇ ಮುಖ್ಯ ಕಾರಣ.

ಕಾರಣವನ್ನೂ ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಲೋಮನಾಳದ, ಅಂದರೆ ಅತಿ ಸಣ್ಣ ರಕ್ತನಾಳದ, ಗೋಡೆ ಒಂದೇ ಸಾಲು ಜೀವಕೋಶಗಳಷ್ಟು ತೆಳು. ಅದರ ಒಳಮೈಗೆ ಗ್ಲೈಕೋಕ್ಯಾಲಿಕ್ಸ್ ಎಂಬ, ಸಕ್ಕರೆ ಮತ್ತು ಪ್ರೋಟೀನ್‌ಗಳಿಂದಾದ ಲೋಳೆಯಂಥ ಲೇಪವಿರುತ್ತದೆ. ಸೋಂಕು ತಗುಲಿದ ಜೀವಕೋಶಗಳಿಂದ ಹೊರಬರುವ ಎನ್‌ಎಸ್1 ಎಂಬ ವೈರಾಣುವಿನ ಪ್ರೋಟೀನ್ ಆ ಲೇಪವನ್ನು ಕೆಡಿಸುತ್ತದೆ, ದೇಹದ ರೋಗನಿರೋಧಕ ವ್ಯವಸ್ಥೆ ಮಿತಿಮೀರಿ ಸುರಿಸುವ ಸೈಟೊಕೈನ್ ಎಂಬ ಸಂಕೇತ ಪ್ರೋಟೀನ್‌ಗಳು ಜೀವಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತವೆ, ಆಗ ರಕ್ತದ ದ್ರವಭಾಗವಾದ ಪ್ಲಾಸ್ಮಾ, ಅದರಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಸಮೇತ ಜಿನುಗಿ ಹೊಟ್ಟೆಯಲ್ಲೂ ಶ್ವಾಸಕೋಶದ ಸುತ್ತಲೂ ಸೇರಿಕೊಳ್ಳುತ್ತದೆ. ಕೆಂಪು ಕಣಗಳು ನಾಳದೊಳಗೇ ಉಳಿಯುವುದರಿಂದ ರಕ್ತ ಮಂದವಾಗುತ್ತದೆ. ನಾಳಗಳು ಒಡೆದುಹೋಗಿರುವುದಿಲ್ಲ, ಸೋರುತ್ತಿರುತ್ತವೆ ಅಷ್ಟೆ. ಆದ್ದರಿಂದಲೇ ಆ ಒಂದೆರಡು ದಿನ ದಾಟಿಸಿದರೆ ರೋಗಿ ಬಹುಬೇಗ ಚೇತರಿಸಿಕೊಳ್ಳುತ್ತಾರೆ.

ನಾವೆಲ್ಲರೂ ಪ್ಲೇಟ್‌ಲೆಟ್ ಎಷ್ಟು ಎಂದು ಮಾತ್ರ ಕೇಳುತ್ತಿದ್ದೆವು. ಅಲ್ಲಿನ ದಾದಿಯರು ಅದಕ್ಕಿಂತ ಹೆಚ್ಚಾಗಿ ಪಿಸಿವಿಯನ್ನು, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಎಂಬ ಅಳತೆಯನ್ನು, ನೋಡುತ್ತಿದ್ದರು. ಸೇರಿಸಿದ ದಿನ 38 ಇದ್ದದ್ದು ಜ್ವರ ಬಿಟ್ಟ ದಿನ ಸಂಜೆ 46ಕ್ಕೆ ಏರಿತು. ಶೇ 20ರಷ್ಟು ಏರಿದರೆ ಸೋರಿಕೆ ಗಣನೀಯವಾಗಿದೆ ಎಂದೇ ಅರ್ಥ. ರಕ್ತದೊತ್ತಡ 100/76 ಇತ್ತು. ಮೇಲಿನ ಸಂಖ್ಯೆಯನ್ನಷ್ಟೇ ನೋಡಿ ನಾನು ಸಮಾಧಾನಪಟ್ಟಿದ್ದೆ, ಆದರೆ ಎರಡರ ನಡುವಿನ ಅಂತರ 20ಕ್ಕೆ ಇಳಿದರೆ ಅದು ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಆಘಾತದ (ಶಾಕ್) ಸ್ಥಿತಿ ಎಂದು ಹೇಳಿ, ದಾದಿ ಅಂದು ರಾತ್ರಿಯಿಡೀ ಗಂಟೆಗೊಮ್ಮೆ ಬಂದು ಅಳೆದರು, ಕೈಕಾಲು ತಣ್ಣಗಾಗಿವೆಯೇ ಎಂದು ಮುಟ್ಟಿ ನೋಡಿದರು. ಡ್ರಿಪ್‌ನ ವೇಗವನ್ನೂ ಆ ಅಂಕಿಗಳಿಗೆ ತಕ್ಕಂತೆ ಏರಿಸಿದರು, ಇಳಿಸಿದರು. ಪಿಸಿವಿ ಇಳಿದು, ಮೂತ್ರ ಚೆನ್ನಾಗಿ ಹೋಗತೊಡಗಿದ ಮೇಲೆ ಡ್ರಿಪ್ ನಿಲ್ಲಿಸಿಯೇಬಿಟ್ಟರು. ಹೊರಗೆ ಸೋರಿದ ದ್ರವ ಆಗ ತಾನಾಗಿಯೇ ನಾಳಗಳಿಗೆ ಮರಳುವುದರಿಂದ, ಇನ್ನೂ ಏರಿಸುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುವ ಭಯವಿರುತ್ತದೆ.

ಕೊರತೆಗಳೂ ಇದ್ದವು. ಪ್ಲೇಟ್‌ಲೆಟ್ 28,000ಕ್ಕೆ ಇಳಿದಾಗ ಕೌಂಟರಿನವರು ವೈದ್ಯರನ್ನು ಕೇಳದೆಯೇ ದಾನಿಗಳನ್ನು ಹುಡುಕಿಕೊಳ್ಳಿ ಎಂದುಬಿಟ್ಟರು. ಅರ್ಧ ರಾತ್ರಿ ಕಂಡಕಂಡವರಿಗೆಲ್ಲ ಫೋನ್ ಮಾಡಿದೆವು. ರಕ್ತಸ್ರಾವವಿಲ್ಲದಿದ್ದರೆ ಸಂಖ್ಯೆ ಇಳಿದಿದೆ ಎಂಬ ಕಾರಣಕ್ಕೇ ಪ್ಲೇಟ್‌ಲೆಟ್ ಕೊಡಬೇಕಾಗಿಲ್ಲ ಎಂದು ಬೆಳಿಗ್ಗೆ ವೈದ್ಯೆ ಸ್ಪಷ್ಟಪಡಿಸಿದರು. ಒಂದೇ ಸೂರಿನಡಿ ಹೀಗೆ ಎರಡು ಮಾತು ಬರಬಾರದು. ಹೆದರಿದವರಿಗೆ ಅದು ದೊಡ್ಡ ಹಿಂಸೆ.

ಬಿಡುಗಡೆಯ ಚೀಟಿಯೂ ತೀರಾ ಚುಟುಕಾಗಿತ್ತು. ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ ಎಂಬುದನ್ನು ಬಾಯಿಮಾತಿನಲ್ಲಷ್ಟೇ ಹೇಳಿದರು. ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ, ಮುಂದೆ ಬೇರೆ ಬಗೆಯದು ತಗುಲಿದರೆ ಸೋರಿಕೆ ತೀವ್ರವಾಗುವ ಸಾಧ್ಯತೆ ಹೆಚ್ಚು ಎಂಬುದನ್ನು ಯಾರೂ ಬರೆದಿರಲಿಲ್ಲ. ನಾನೇ ಕೇಳಿ, ಈ ಬಾರಿಯ ಪಿಸಿವಿ ಅಂಕಿಗಳ ಜೊತೆಗೆ ಅದನ್ನೂ ಚೀಟಿಯಲ್ಲಿ ಬರೆಸಿಕೊಂಡು ಬಂದೆ.