ಸ್ಕೀ ಸೀಸನ್ ಪಾಸ್: ದುಡ್ಡು ವಸೂಲಿ ಆಗುತ್ತದೆ, ಆದರೆ ಹಿಮ ಬೀಳದಿದ್ದರೆ ನಷ್ಟ ನಮ್ಮದೇ

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ಕಡೆ ಇದ್ದುಕೊಂಡು ಸ್ಕೀ ಮಾಡುವವರಿಗೆ, ಅಂದರೆ ಹಿಮದ ಇಳಿಜಾರಿನಲ್ಲಿ ಜಾರುವ ಆಟ ಆಡುವವರಿಗೆ, ಪ್ರತಿ ಮಾರ್ಚ್‌ನಲ್ಲೂ ಅದೇ ಚರ್ಚೆ. ಎಪಿಕ್ ಪಾಸಾ, ಐಕಾನ್ ಪಾಸಾ? ಒಂದಷ್ಟು ವರ್ಷ ಅದು, ಒಂದಷ್ಟು ವರ್ಷ ಇದು ಅಂತ ನಾನು ಎರಡನ್ನೂ ಬಳಸಿದ್ದೇನೆ. ಹಾಗಾಗಿ ಇದು ಒಂದು ಪಾಸಿನ ವಿಮರ್ಶೆ ಅಲ್ಲ, ಇಡೀ ಚಳಿಗಾಲಕ್ಕೆ ಒಂದೇ ಪಾಸ್ ಕೊಂಡು ಹತ್ತಾರು ಸ್ಕೀ ರೆಸಾರ್ಟ್ ಸುತ್ತುವ ಈ ಪದ್ಧತಿಯದ್ದೇ ವಿಮರ್ಶೆ.

ಮೊದಲು ದುಡ್ಡಿನ ಮಾತು. ವೇಲ್ ರೆಸಾರ್ಟ್ಸ್ ಕಂಪನಿ 2008ರಲ್ಲಿ ಎಪಿಕ್ ಪಾಸ್ ತಂದಾಗ ಬೆಲೆ 579 ಡಾಲರ್. 2021ರಲ್ಲಿ ಶೇ. 20 ಇಳಿಸಿ 783 ಮಾಡಿದರು. 2025-26ರ ಸೀಸನ್‌ಗೆ ಶುರುವಿನ ಬೆಲೆಯೇ 1,051 ಡಾಲರ್. ಆಲ್ಟೆರಾ ಕಂಪನಿಯ ಐಕಾನ್ ಬಂದಿದ್ದು 2018ರಲ್ಲಿ, ಈಗ ಅದು ಇನ್ನೂ ದುಬಾರಿ. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ಆ ಕಂಪನಿಯದ್ದೇ ವೇಲ್ ಬೆಟ್ಟದಲ್ಲಿ ರಜೆಯ ದಿನ ಕೌಂಟರ್‌ನಲ್ಲಿ ಒಂದು ದಿನದ ಟಿಕೆಟ್ ಕೇಳಿ ನೋಡಿ. 300 ಡಾಲರ್ ಯಾವಾಗಲೋ ದಾಟಿದೆ. ಆ ಲೆಕ್ಕದಲ್ಲಿ ನಾಲ್ಕನೇ ದಿನಕ್ಕೆ ಪಾಸಿನ ದುಡ್ಡು ವಸೂಲಿ.

ಈ ಲೆಕ್ಕ ಸುಮ್ನೆ ಆಗಿದ್ದಲ್ಲ. ದಿನದ ಟಿಕೆಟ್ ಅಷ್ಟು ದುಬಾರಿ ಆಗಿರುವುದಕ್ಕೇ ಪಾಸ್ ಅಗ್ಗವಾಗಿ ಕಾಣುತ್ತದೆ. ಪಾಸ್ ಮಾರಾಟ ವಸಂತದಲ್ಲಿ ಶುರುವಾಗಿ ಡಿಸೆಂಬರ್ ಮೊದಲ ವಾರಗಳಲ್ಲಿ ಮುಗಿಯುತ್ತದೆ. ನಡುವೆ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅಂದರೆ ಮುಂದಿನ ಚಳಿಗಾಲದಲ್ಲಿ ಹಿಮ ಬೀಳುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲದಾಗಲೇ ನಮ್ಮ ದುಡ್ಡು ಅವರ ಕೈ ಸೇರಿರುತ್ತದೆ. ಹಿಂದೆಲ್ಲ ಹಿಮ ಕಮ್ಮಿಯಾದರೆ ಜನ ಬರುತ್ತಿರಲಿಲ್ಲ, ರೆಸಾರ್ಟ್‌ಗೆ ನಷ್ಟ. ಈಗ ಹಿಮ ಕಮ್ಮಿಯಾದರೆ ನಮಗೆ ನಷ್ಟ. ಗಾಯವಾದರೆ, ಕೆಲಸ ಹೋದರೆ ಒಂದಿಷ್ಟು ವಾಪಸ್ ಕೊಡುವ ವ್ಯವಸ್ಥೆ ಇದೆ. "ಇಳಿಜಾರಿನಲ್ಲಿ ಕಲ್ಲು ಕಾಣುತ್ತಿದೆ" ಅನ್ನುವುದಕ್ಕೆ ಯಾರೂ ವಾಪಸ್ ಕೊಡುವುದಿಲ್ಲ. ನನ್ನ ಮುಖ್ಯ ತಕರಾರು ಇದೇ. ಉದ್ಯಮದ ಕಡೆಯಿಂದ ನೋಡಿದರೆ ಜಾಣ ಕೆಲಸ, ಒಪ್ಪಲೇಬೇಕು. ಹವಾಮಾನ ನಂಬುವ ಹಾಗಿಲ್ಲ, ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಹೊಸ ಲಿಫ್ಟ್ ಹಾಕಲು ಸಾಲ ಬೇಕು, ಸಾಲ ಕೊಡುವವರಿಗೆ ಖಚಿತ ಆದಾಯ ತೋರಿಸಬೇಕು.

ಬಳಕೆಯಲ್ಲಿ ಹೇಗಿದೆ? ನನಗೆ ಅತಿ ಹೆಚ್ಚು ಇಷ್ಟವಾಗಿದ್ದು ಒಂದು ಸಣ್ಣ ವಿಷಯ. ದಿನದ ಟಿಕೆಟ್ ಇದ್ದಾಗ ಕಾಲು ನೋಯುತ್ತಿದ್ದರೂ ಕೊನೆಯ ಲಿಫ್ಟ್ ತನಕ ಬಿಡುತ್ತಿರಲಿಲ್ಲ. ಪಾಸ್ ಇದ್ದರೆ ಎರಡು ಗಂಟೆ ಆಡಿ ಮನೆಗೆ ಬರಬಹುದು, ಹೊಟ್ಟೆ ಉರಿಯುವುದಿಲ್ಲ. ದೂರದ ಊರಿಗೆ ಬೇರೆ ಕೆಲಸಕ್ಕೆ ಹೋದಾಗ ಅಲ್ಲಿನ ಬೆಟ್ಟದಲ್ಲೂ ಅದೇ ಕಾರ್ಡ್ ನಡೆಯುತ್ತದೆ. ಎಪಿಕ್ ಇದ್ದರೆ ಕ್ಯಾಲಿಫೋರ್ನಿಯಾ ಕಡೆಯ ತಾಹೋ, ಯೂಟಾ, ಕೆನಡಾದ ವಿಸ್ಲರ್, ಎಲ್ಲ ಕಡೆ.

ಆದರೆ ಇವತ್ತು ಬೆಟ್ಟಕ್ಕೆ ಹೋಗೋಣ ಅಂತ ನನಗೆ ಅನ್ನಿಸಿದ ದಿನವೇ ಪಾಸ್ ಇರುವ ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಒಳ್ಳೆಯ ಹಿಮ ಬಿದ್ದ ಶನಿವಾರ ಡೆನ್ವರ್‌ನಿಂದ ಬೆಟ್ಟಗಳಿಗೆ ಹೋಗುವ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗದ ಕಡೆ ಹೊರಟವರಿಗೆ ಟ್ರಾಫಿಕ್ ಜಾಮ್ ಬಗ್ಗೆ ಹೇಳಬೇಕಿಲ್ಲ. ಪಾಸ್ ಕೊಂಡ ಮೇಲೆ ಪಾರ್ಕಿಂಗ್‌ಗೂ ಬುಕಿಂಗ್ ಬೇಕು ಅಂತ ಗೊತ್ತಾಗುವುದು, ಕಮ್ಮಿ ಬೆಲೆಯ ಪಾಸಿನಲ್ಲಿ ಕ್ರಿಸ್‌ಮಸ್ ವಾರ ಬಂದ್ ಅನ್ನುವುದು ಸಣ್ಣಕ್ಷರದಲ್ಲಿ ಇರುವುದು, ಇವೆಲ್ಲ ಅನುಭವಿಸಿದ್ದೇನೆ. ಒಂದು ಸಲ ಆ್ಯಪ್‌ನಲ್ಲಿ ಸಮಸ್ಯೆಯಾಗಿ ಸಹಾಯವಾಣಿಗೆ ಕರೆ ಮಾಡಿದರೆ, ಉತ್ತರ ಬರುವ ಹೊತ್ತಿಗೆ ಹೊಸದಾಗಿ ಬಿದ್ದ ಮೆತ್ತನೆ ಹಿಮವನ್ನೆಲ್ಲ ಜನ ತುಳಿದು ಮುಗಿದಿತ್ತು.

ಜನಸಂದಣಿಯ ಬಗ್ಗೆ ರೆಸಾರ್ಟ್‌ಗಳೇ ಏನು ಯೋಚಿಸುತ್ತವೆ ಅನ್ನುವುದಕ್ಕೆ ಕೊಲರಾಡೊದ ಅರಾಪಾಹೋ ಬೇಸಿನ್ ರೆಸಾರ್ಟ್ ಕಥೆ ಸಾಕು. ಪಾರ್ಕಿಂಗ್ ಸಾಲದೆ, ಜನ ಜಾಸ್ತಿಯಾಗಿ 2019ರಲ್ಲಿ ಅವರು ಎಪಿಕ್‌ನಿಂದ ಹೊರಬಂದರು. ಆಮೇಲೆ ಐಕಾನ್‌ಗೆ ಸೇರಿದರು, ಆದರೆ ಇಷ್ಟೇ ದಿನ ಅಂತ ಮಿತಿ ಹಾಕಿ. ಎಲ್ಲರೂ ಮೆಚ್ಚಿದರು. 2024ರಲ್ಲಿ ಐಕಾನ್‌ನ ಆಲ್ಟೆರಾ ಆ ರೆಸಾರ್ಟನ್ನೇ ಕೊಂಡುಕೊಂಡಿತು.

ದುಡ್ಡು ಮೊದಲೇ ಬರುವ ಈ ಏರ್ಪಾಡಿನಲ್ಲಿ ಕೆಲಸಗಾರರ ಪಾಲು ಎಷ್ಟು? 2024ರ ಡಿಸೆಂಬರ್ 27ರಿಂದ ಜನವರಿ 8ರ ತನಕ ಯೂಟಾದಲ್ಲಿರುವ ವೇಲ್ ಕಂಪನಿಯ ಪಾರ್ಕ್ ಸಿಟಿ ರೆಸಾರ್ಟ್‌ನಲ್ಲಿ ಸ್ಕೀ ಪೆಟ್ರೋಲ್‌ನವರು, ಅಂದರೆ ಬೆಟ್ಟದ ಸುರಕ್ಷತೆ ನೋಡಿಕೊಳ್ಳುವ ಸಿಬ್ಬಂದಿ, ಮುಷ್ಕರ ಮಾಡಿದರು. ಶುರುವಿನ ಸಂಬಳ ಗಂಟೆಗೆ 21 ಡಾಲರ್ ಇದ್ದದ್ದು 23 ಆಗಲಿ ಅನ್ನುವುದು ಮುಖ್ಯ ಬೇಡಿಕೆ. ವರ್ಷದ ಅತಿ ಗಿಜಿಗುಡುವ ವಾರ ಅದು. ಬೆಟ್ಟದ ಬಹುಭಾಗ ಮುಚ್ಚಿತ್ತು, ಇರುವ ಲಿಫ್ಟ್‌ಗಳ ಮುಂದೆ ಉದ್ದುದ್ದ ಸಾಲು. ಹಿಮಕುಸಿತ ತಡೆಯಲು ಬೆಳಗಾಗುವ ಮೊದಲೇ ಸ್ಫೋಟಕ ಹೊತ್ತು ಮೇಲೆ ಹೋಗುವವರು ಇವರೇ. ಅವರಿಲ್ಲದಿದ್ದರೆ ಯಾವ ಪಾಸ್ ಇದ್ದರೇನು?

ಹೊಸಬರ ಪಾಡು ಇನ್ನೂ ಕಷ್ಟ. ಇಷ್ಟವಾಗುತ್ತದೋ ಇಲ್ಲವೋ ನೋಡಲು ಬರುವವರು ಮಾರ್ಚ್‌ನಲ್ಲೇ ಪಾಸ್ ಕೊಳ್ಳುವುದಿಲ್ಲ. ಅವರಿಗೆ ಉಳಿಯುವುದು ಆ ದುಬಾರಿ ಟಿಕೆಟ್ಟೇ. ಕಂಪನಿಗಳಿಗೂ ಇದು ತಟ್ಟಿದೆ ಅನ್ನಿಸುತ್ತದೆ. 2025ರಲ್ಲಿ ವೇಲ್ ಪಾಸ್‌ದಾರರ ಸ್ನೇಹಿತರಿಗೆ ಅರ್ಧ ಬೆಲೆಯ ಟಿಕೆಟ್ ಶುರು ಮಾಡಿತು. ಒಳ್ಳೆಯದೇ. ಆದರೆ ಪಾಸ್ ಇರುವ ಸ್ನೇಹಿತರು ಇಲ್ಲದವರು ಏನು ಮಾಡಬೇಕು?

ಅಂಥವರಿಗೆ ನನ್ನ ಸಲಹೆ ಸಣ್ಣ ಬೆಟ್ಟಗಳು. ಸುರಂಗದ ಪಕ್ಕದಲ್ಲೇ ಇರುವ ಲವ್‌ಲ್ಯಾಂಡ್ ಈ ಎರಡೂ ಪಾಸಿನಲ್ಲಿ ಇಲ್ಲ, ಸ್ವತಂತ್ರ ರೆಸಾರ್ಟ್. 2019ರಲ್ಲಿ ಶುರುವಾದ ಇಂಡಿ ಪಾಸ್ ಇಂಥ ಸ್ವತಂತ್ರ ಬೆಟ್ಟಗಳಲ್ಲಿ ತಲಾ ಎರಡು ದಿನ ಕೊಡುತ್ತದೆ. ಅದರ ಮಾರಾಟಕ್ಕೆ ಮಿತಿ ಇದೆ, ತಡ ಮಾಡಿದರೆ ಕಾಯಬೇಕು.

ನನ್ನ ಅಂಕ ಐದಕ್ಕೆ ಮೂರೂವರೆ. ವಾರದ ನಡುವೆ ರಜೆ ಸಿಗುವವರು, ಮಕ್ಕಳ ಶಾಲೆಯ ರಜೆಗೆ ಕಟ್ಟುಬೀಳದವರು ಕಣ್ಣು ಮುಚ್ಚಿ ಪಾಸ್ ಕೊಳ್ಳಿ. ಶನಿವಾರ, ಭಾನುವಾರ ಮಾತ್ರ ಹೋಗಬಲ್ಲವರು ಮೊದಲು ಪಾರ್ಕಿಂಗ್ ನಿಯಮ ಓದಿ, ಆಮೇಲೆ ರೆಸಾರ್ಟ್ ಪಟ್ಟಿ ನೋಡಿ. ಪಟ್ಟಿಯಲ್ಲಿ ಎಷ್ಟೇ ಹೆಸರಿದ್ದರೂ ಬಹುತೇಕ ದಿನ ನೀವು ಹೋಗುವುದು ಮನೆಗೆ ಹತ್ತಿರದ ಒಂದೆರಡು ಬೆಟ್ಟಕ್ಕೇ. ಬರೀ ಅಲ್ಲಿನ ಪಾಸ್ ಬೇರೆಯಾಗಿ ಸಿಗುತ್ತಿದ್ದರೆ ಅದರ ಬೆಲೆಯನ್ನೂ ಒಮ್ಮೆ ವಿಚಾರಿಸಿ.