ತೋಟಕ್ಕೆ ಎಟಿವಿ ತಗೊಳ್ಳೋರೇ, ಪೇಪರ್ ನೋಡದೆ ಅಡ್ವಾನ್ಸ್ ಕೊಡ್ಬೇಡಿ

ಸಕಲೇಶಪುರ, ಮೂಡಿಗೆರೆ ಕಡೆ ತೋಟಕ್ಕೆ ಅಂತ ಸೆಕೆಂಡ್ ಹ್ಯಾಂಡ್ ಎಟಿವಿ (ಬೈಕ್ ತರ ಕೂತು ಮಣ್ಣು ದಾರೀಲಿ ಓಡ್ಸೋ ನಾಲ್ಕು ಚಕ್ರದ ಗಾಡಿ) ಹುಡುಕ್ತಿರೋರು ದಯವಿಟ್ಟು ಪೂರ್ತಿ ಓದಿ. ನಮ್ಮ ಭಾವಂಗೆ ಒಬ್ಬ ಡೀಲರ್ "ಸರ್ ಇದು ಟಿಲ್ಲರ್ ಇದ್ದಂಗೆ, ಆರ್‌ಸಿ ಇನ್ಶೂರೆನ್ಸ್ ಏನೂ ಬೇಡ, ಹಳ್ಳಿ ರೋಡಲ್ಲಿ ಆರಾಮಾಗಿ ಓಡ್ಸಿ" ಅಂತ ಹೇಳಿ ಮಾರ್ದ. ತೋಟದ ಮಧ್ಯ ಪಂಚಾಯ್ತಿ ರೋಡ್ ಇದೆ, ದಾಟ್ಬೇಕಾಗುತ್ತೆ ಅಂತ ಭಾವ ಬಿಡಿಸಿ ಕೇಳಿದ್ರು, ಅದಕ್ಕೂ ಹೂಂ ಅಂದ. ಗೊಬ್ಬರದ ಮೂಟೆ ಹಾಕ್ಕೊಂಡು ದಾಟ್ತಿರೋವಾಗ ತಿರುವಲ್ಲಿ ಸ್ಕೂಟರ್ ಬಂದು ತಗಲಿ ಪಾಪ ಆ ಹುಡುಗನ ಕಾಲು ಮುರೀತು, ಸ್ಟೇಷನ್ನಲ್ಲಿ ಮೊದಲು ಕೇಳಿದ್ದೇ ಆರ್‌ಸಿ ಎಲ್ಲಿ ಇನ್ಶೂರೆನ್ಸ್ ಎಲ್ಲಿ ಅಂತ. ಈಗ ಗಾಡಿ ಸ್ಟೇಷನ್ ಕಾಂಪೌಂಡಲ್ಲಿ, ಆಸ್ಪತ್ರೆ ಖರ್ಚು ಪೂರ್ತಿ ಭಾವನ ಕೈಯಿಂದ, ಡೀಲರ್ ಫೋನೇ ಎತ್ತಲ್ಲ.

1988ರ ಮೋಟಾರು ವಾಹನ ಕಾಯ್ದೆ ಸೆಕ್ಷನ್ 2(28) ಮೋಟಾರು ವಾಹನ ಅಲ್ಲ ಅಂತ ಹೊರಗಿಡೋದು ಮೂರನ್ನ: ಹಳಿ ಮೇಲೆ ಓಡೋದು, ಕಾರ್ಖಾನೆ ಅಥವಾ ಬೇರೆ ಆವರಣದೊಳಗೆ ಮಾತ್ರ ಓಡೋಕೆ ಅಂತಾನೇ ಇರೋ ವಿಶೇಷ ಗಾಡಿ, ಮತ್ತೆ ನಾಲ್ಕಕ್ಕಿಂತ ಕಮ್ಮಿ ಚಕ್ರ ಇದ್ದು 25 ಸಿಸಿ ಮೀರದ್ದು. ಎಟಿವಿಗೆ ನಾಲ್ಕು ಚಕ್ರ, ಹಾಗಾಗಿ ಕೊನೇದು ಲೆಕ್ಕಕ್ಕಿಲ್ಲ. ಮಾರೋರು ಹಿಡ್ಕೊಳ್ಳೋದು ಆ 'ಆವರಣ' ಅನ್ನೋದನ್ನ, ಆದ್ರೆ ಗೇಟ್ ದಾಟಿದ್ಮೇಲೆ ಆ ಮಾತು ನಿಲ್ಲಲ್ಲ, ಜನಕ್ಕೆ ಓಡಾಡೋ ಹಕ್ಕಿದ್ರೆ ಮಣ್ಣು ರಸ್ತೇನೂ ಸೆಕ್ಷನ್ 2(34)ರಲ್ಲಿ ಸಾರ್ವಜನಿಕ ಸ್ಥಳಾನೇ.

ಇನ್ನೊಂದು ಕಥೆ ಹೇಳ್ತಾರೆ, ರೂಲ್ಸಲ್ಲೇ 'ಆಫ್ ಹೈವೇ', ಅಂದ್ರೆ ರೋಡ್ ಬಿಟ್ಟು ಬೇರೆ ಕಡೆ ಓಡೋ ಗಾಡಿ ಅಂತ ಇದೆ ಸರ್ ಅಂತ. ಇದೆ, ಆದ್ರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದು ಬರೋದು ಜೆಸಿಬಿ ತರದ ಕನ್‌ಸ್ಟ್ರಕ್ಷನ್ ಗಾಡಿಗಳಿಗೆ, ಅದೂ ರೋಡಲ್ಲಿ ಸ್ವಲ್ಪ ಹೊತ್ತು, 50 ಕಿ.ಮೀ. ಸ್ಪೀಡ್ ಮೀರದೆ. ಯೂಟ್ಯೂಬಲ್ಲಿ ಕ್ಯಾಲಿಫೋರ್ನಿಯಾದವರು ಆಫ್ ಹೈವೇ ಗಾಡಿಗೆ ಕೊಡೋ ಹಸಿರು ಸ್ಟಿಕ್ಕರ್ ಅಂಟಿಸ್ಕೊಂಡು ಓಡ್ಸೋದು ಅಲ್ಲಿನ ಕಾನೂನು, ನಮ್ಮ ಆರ್‌ಟಿಓದಲ್ಲಿ ಆ ಸ್ಟಿಕ್ಕರ್ ಯಾರೂ ಕೊಡಲ್ಲ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೆ. ಪೋಲಾರಿಸ್ ಕಂಪನಿಯವರು ಸ್ಪೋರ್ಟ್ಸ್‌ಮನ್ 570 ಅನ್ನೋ ಎಟಿವೀನ ಕೃಷಿ ಟ್ರ್ಯಾಕ್ಟರ್ ಅಂತ ರಿಜಿಸ್ಟರ್ ಆಗೋ ಹಾಗೆ ಇಲ್ಲಿ ತಂದಿದ್ರು, ಈ ಡೀಲರ್ ಅಂಥದ್ದೊಂದು ನಂಬರ್ ಪ್ಲೇಟ್ ಇರೋ ಗಾಡಿ ಫೋಟೋ ವಾಟ್ಸಾಪಲ್ಲಿ ಕಳಿಸಿದ, ಆದ್ರೆ ಕೊಟ್ಟಿದ್ದು ಬೇರೆ ಗಾಡಿ, ಅದರ ಬಿಲ್ಲಿನ ಹಿಂಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಅಕ್ಷರದಲ್ಲಿ ರೋಡಲ್ಲಿ ಓಡಿಸುವಂತಿಲ್ಲ ಅಂತ ಪ್ರಿಂಟ್ ಆಗಿದೆ. ಈಗ ರಿಜಿಸ್ಟರ್ ಮಾಡ್ಸೋಣ ಅಂದ್ರೆ ಆ ಮಾಡೆಲ್‌ಗೆ ಅಪ್ರೂವಲ್ಲೇ ಇಲ್ಲ.

ಹೊಸದಾದ್ರೆ ಫಾರ್ಮ್ 21 (ಮಾರಾಟದ ಸರ್ಟಿಫಿಕೇಟ್), ಫಾರ್ಮ್ 22 (ಗಾಡಿ ರೋಡಿಗೆ ಯೋಗ್ಯ ಅನ್ನೋ ಕಂಪನಿ ಸರ್ಟಿಫಿಕೇಟ್) ಕೇಳಿ, ಹಳೇದಾದ್ರೆ ಆರ್‌ಸಿ ಕೇಳಿ ಅದರಲ್ಲಿರೋ ಚಾಸಿ ನಂಬರ್‌ನ ಗಾಡೀಲಿ ಕೆತ್ತಿರೋದರ ಜೊತೆ ನೀವೇ ಕೂತು ತಾಳೆ ನೋಡಿ. "ಆಮೇಲೆ ಕಳಿಸ್ತೀನಿ" ಅಂದ್ರೆ ಎದ್ದು ಬನ್ನಿ. ಈಗಾಗಲೇ ತಗೊಂಡಿದ್ರೆ ಗೇಟ್ ಒಳಗೇ ಇಟ್ಕೊಳ್ಳಿ, ರೋಡ್ ದಾಟ್ಸೋದಿದ್ರೆ ಪಿಕಪ್ಪಲ್ಲಿ ಹಾಕ್ಕೊಂಡು ದಾಟ್ಸಿ.